ಹಳೇ ಡಯಾಬ್ಲೊ ಈಗಲೂ ಆಡಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಗೆ ಬರುವ ಹುಡುಗರು ನನ್ನ ಲ್ಯಾಪ್‌ಟಾಪಿನಲ್ಲಿ ಮೊದಲ ಡಯಾಬ್ಲೊ ಎಂಬ ಹಳೇ ಕಂಪ್ಯೂಟರ್ ಆಟ ನೋಡಿ ಒಂದು ಸಲ ನಗುತ್ತಾರೆ. ಅರ್ಧ ಗಂಟೆ ಬಿಟ್ಟು ಮೌಸ್ ಅವರ ಕೈಯಲ್ಲಿರುತ್ತದೆ. ಆಮೇಲೆ ಪ್ರಶ್ನೆಗಳು ಶುರು. ಪ್ರತಿ ಸಲ ಅವೇ ಪ್ರಶ್ನೆ, ಅವೇ ಉತ್ತರ. ಅದಕ್ಕೇ ಒಂದು ಸಲ ಕೂತು ಬರೆದಿಟ್ಟಿದ್ದೇನೆ.

ಯಾವ ಡಯಾಬ್ಲೊ ಬಗ್ಗೆ ಹೇಳ್ತಿದ್ದೀರಿ?

ಮೊದಲನೆಯದು. 1996ರ ಕೊನೆಗೂ 1997ರ ಮೊದಲಿಗೂ ನಡುವೆ ಅಂಗಡಿಗೆ ಬಂದದ್ದು. ಕ್ಯಾಲಿಫೋರ್ನಿಯಾದ ಕಾಂಡೋರ್ ಎಂಬ ಸಣ್ಣ ಕಂಪನಿ ಇದರ ಕೆಲಸ ಶುರು ಮಾಡಿತು. ಆಟ ತಯಾರಿಸುವ ದೊಡ್ಡ ಕಂಪನಿ ಬ್ಲಿಜ಼ರ್ಡ್ ಅದನ್ನು ಕೊಂಡುಕೊಂಡ ಮೇಲೆ ಬ್ಲಿಜ಼ರ್ಡ್ ನಾರ್ತ್ ಅಂತ ಹೆಸರಾಯಿತು. ಆಟದ ಕಲ್ಪನೆ ಡೇವಿಡ್ ಬ್ರೆವಿಕ್ ಅವರದು. ಅವರು ಇದ್ದ ಊರಿನ ಹತ್ತಿರ ಮೌಂಟ್ ಡಯಾಬ್ಲೊ ಅಂತ ಒಂದು ಬೆಟ್ಟ ಇದೆ. ಹೆಸರು ಅಲ್ಲಿಂದ ಬಂದದ್ದು.

ಕತೆ ಒಂದೇ ಉಸಿರಲ್ಲಿ ಹೇಳಿಬಿಡಬಹುದು. ಟ್ರಿಸ್ಟ್ರಮ್ ಎಂಬ ಹಾಳು ಬಿದ್ದ ಊರು. ಅಲ್ಲೊಂದು ಚರ್ಚು. ಚರ್ಚಿನ ಕೆಳಗೆ ಹದಿನಾರು ಅಂತಸ್ತು. ಒಂದೊಂದೇ ಅಂತಸ್ತು ಇಳಿಯಬೇಕು, ಕೊನೆಯದರಲ್ಲಿ ರಾಕ್ಷಸರ ಒಡೆಯ ಡಯಾಬ್ಲೊ ಇದ್ದಾನೆ. ಮೊದಲ ನಾಲ್ಕು ಚರ್ಚಿನ ನೆಲಮಾಳಿಗೆ, ಆಮೇಲಿನ ನಾಲ್ಕು ಹೆಣ ಹೂಳುವ ಸುರಂಗ, ಮುಂದಿನ ನಾಲ್ಕು ಗುಹೆ, ಕೊನೆಯ ನಾಲ್ಕು ನರಕ.

ನಾನು ಆಡಿಸೋ ಆಳು ಯಾಕೆ ಇಷ್ಟು ನಿಧಾನ ನಡೀತಾನೆ? ಓಡೋ ಬಟನ್ ಎಲ್ಲಿ?

ಇಲ್ಲ. ಓಡೋ ಬಟನ್ ಇಲ್ಲವೇ ಇಲ್ಲ.

ಎಲ್ಲರೂ ಮೊದಲು ಕೇಳುವುದು ಇದನ್ನೇ, ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ. ಊರಿನೊಳಗೆ ಈ ನಿಧಾನ ನಿಜವಾಗಲೂ ತಪ್ಪೇ. ಮಾಟಗಾತಿ ಏಡ್ರಿಯಾಳ ಗುಡಿಸಲು ಹಳ್ಳದ ಆಚೆ, ಊರಿನ ಒಂದು ತುದಿಯಲ್ಲಿ. ಮರದ ಕಾಲಿನ ಹುಡುಗ ವರ್ಟ್ ನಿಂತಿರೋದು ಇನ್ನೊಂದು ತುದಿಯಲ್ಲಿ. ಅವಳ ಹತ್ರ ಒಂದು ಮಾನಾ (ಮಂತ್ರ ಹಾಕೋ ಶಕ್ತಿ) ತುಂಬೋ ಪೋಶನ್, ಅಂದರೆ ಮದ್ದಿನ ಸೀಸೆ ತಗೊಂಡು, ವರ್ಟ್ ಹತ್ರ ಏನಿದೆ ಅಂತ ನೋಡಿ ಬರೋಕೆ ಹೋದರೆ ಅಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಮುಗಿಸಬಹುದು. ಇದರಿಂದ ಯಾರಿಗೂ ಏನೂ ಲಾಭ ಇಲ್ಲ.

ಆದರೆ ಕೆಳಗೆ ಇಳಿದ ಮೇಲೆ ಲೆಕ್ಕ ಬೇರೆ. ಬಾಗಿಲು ತೆರೆಯುತ್ತೀರಿ. ಒಳಗೆ ಕತ್ತಲು. ನಿಮ್ಮ ಸುತ್ತ ಒಂದು ಸಣ್ಣ ಬೆಳಕಿನ ವೃತ್ತ, ಅಷ್ಟೇ. ಆ ವೃತ್ತದ ಅಂಚಿಗೆ ಒಂದು ಅಸ್ಥಿಪಂಜರ ಕಾಲಿಡುತ್ತದೆ, ಅದರ ಹಿಂದೆ ಇನ್ನೊಂದು, ಅದರ ಹಿಂದೆ ನಾಲ್ಕು. ಓಡೋಕಾಗಲ್ಲ. ಹಿಂದೆ ಸರಿದರೂ ಅವೇ ವೇಗದಲ್ಲಿ ಬರುತ್ತವೆ. ಹಾಗಾಗಿ ಬಾಗಿಲಿನ ಹೊಸ್ತಿಲಲ್ಲೇ ನಿಂತು, ಒಂದೊಂದಾಗಿ ಬರೋ ಹಾಗೆ ಮಾಡಿ ಹೊಡೆಯೋದು ಕಲಿಯುತ್ತೀರಿ. ಯಾರೂ ಹೇಳಿಕೊಡಲ್ಲ, ಎರಡು ಸಲ ಸತ್ತರೆ ತಾನಾಗೇ ಬರುತ್ತೆ. ಈ ಆಟದಲ್ಲಿ ಹೊಸ್ತಿಲೇ ನಿಮ್ಮ ದೊಡ್ಡ ಆಯುಧ. ಓಡೋಕೆ ಬಿಟ್ಟಿದ್ದರೆ ಆ ಹೊಸ್ತಿಲಿಗೆ ಬೆಲೆಯೇ ಇರುತ್ತಿರಲಿಲ್ಲ, ಹೆದರಿಕೆಯೂ ಇರುತ್ತಿರಲಿಲ್ಲ.

ಆಮೇಲೆ ಬಂದ ಇದೇ ಜಾತಿಯ ಆಟಗಳಲ್ಲಿ ನಾನು ಸಾವಿರಗಟ್ಟಲೆ ರಾಕ್ಷಸರನ್ನು ಕೊಂದಿದ್ದೇನೆ. ಯಾವ ಬಾಗಿಲೂ ನೆನಪಿಲ್ಲ.

ಇದು ಮೊದಲು ಚದುರಂಗದ ಹಾಗೆ ಸರದಿಯ ಆಟ ಆಗಿತ್ತಂತೆ, ಹೌದಾ?

ಹೌದು. ರೋಗ್, ಆಂಗ್‌ಬ್ಯಾಂಡ್ ತರದ, ಚಿತ್ರದ ಬದಲು ಅಕ್ಷರಗಳೇ ಇದ್ದ ಹಳೆಯ ಆಟಗಳು ಬ್ರೆವಿಕ್ ಅವರಿಗೆ ಪ್ರಾಣ. ನೀವೊಂದು ಹೆಜ್ಜೆ ಇಟ್ಟರೆ ರಾಕ್ಷಸ ಒಂದು ಹೆಜ್ಜೆ ಇಡುವ ಲೆಕ್ಕ. ಡಯಾಬ್ಲೊ ಕೂಡ ಹಾಗೇ ಶುರುವಾಯಿತು. ಬ್ಲಿಜ಼ರ್ಡ್ ಕಡೆಯವರು ಸರದಿ ಬೇಡ, ಆಟ ಯಾರಿಗೂ ಕಾಯದೆ ನಡೀತಾ ಇರಲಿ ಅಂದರು. ಬ್ರೆವಿಕ್ ಒಪ್ಪಲಿಲ್ಲ. ತಂಡದಲ್ಲಿ ಮತ ಹಾಕಿಸಿದರೆ ಅವರೇ ಸೋತರು. ಸರಿ ಅಂತ ಒಂದು ಮಧ್ಯಾಹ್ನ ಕೂತು ಕೆಲವೇ ಗಂಟೆಯಲ್ಲಿ ಬದಲಾಯಿಸಿದರಂತೆ. ಒಂದು ಅಸ್ಥಿಪಂಜರದ ಮೇಲೆ ಕ್ಲಿಕ್ ಮಾಡಿದರು, ಯೋಧ ನಡೆದು ಹೋಗಿ ಅದನ್ನು ಪುಡಿ ಮಾಡಿದ. ಅಲ್ಲಿಗೆ ವಾದ ಮುಗಿಯಿತು. ಇದನ್ನು ಅವರೇ ನಂತರ ಭಾಷಣಗಳಲ್ಲಿ ಹೇಳಿದ್ದಾರೆ.

ಆಡುವಾಗ ಆ ಹಳೆಯ ಗುರುತು ಕಾಣುತ್ತೆ. ನೆಲವೆಲ್ಲ ಚೌಕ ಚೌಕ. ಆಳು ಒಂದು ಚೌಕದಿಂದ ಇನ್ನೊಂದಕ್ಕೇ ಹೋಗೋದು. ಅರ್ಧ ಚೌಕಕ್ಕೆ ನಿಲ್ಲಲ್ಲ. ಚದುರಂಗದ ಹಲಗೆಯನ್ನೇ ಯಾರೋ ಓಡಿಸಿದ ಹಾಗಿದೆ, ಹೊಸ್ತಿಲ ಯುಕ್ತಿ ಕೆಲಸ ಮಾಡೋದೂ ಅದಕ್ಕೇ.

ಬುಚರ್ ಅಂದರೆ ಯಾರು? ಎಲ್ಲರೂ ಅವನ ಹೆಸರೇ ಹೇಳ್ತಾರಲ್ಲ?

ಕಟುಕ. ಎರಡನೇ ಅಂತಸ್ತಿನಲ್ಲಿ ಒಂದು ಮುಚ್ಚಿದ ಕೋಣೆ. ಅದಕ್ಕೆ ಮುಂಚೆ ಚರ್ಚಿನ ಹೊರಗೆ ಗಾಯಗೊಂಡ ಒಬ್ಬ ಬಿದ್ದಿರುತ್ತಾನೆ, ಸಾಯುವ ಮುಂಚೆ ಇವನ ವಿಷಯ ಹೇಳುತ್ತಾನೆ. ನೀವು ಇನ್ನೂ ಎಳಸು. ಕೈಯಲ್ಲಿ ಒಂದು ಚಿಕ್ಕ ಕತ್ತಿ. ಬಾಗಿಲು ತೆರೆದರೆ ಒಳಗೆಲ್ಲ ರಕ್ತ, ನೇತು ಹಾಕಿದ ಹೆಣಗಳು. ‘ಆಹಾ, ತಾಜಾ ಮಾಂಸ’ ಅನ್ನೋ ಅರ್ಥದ ಮಾತು ಒಂದು ದಪ್ಪ ದನಿಯಲ್ಲಿ ಕೇಳುತ್ತೆ. ಆಮೇಲೆ ಅವನು ಬರ್ತಾನೆ. ನಿಮಗಿಂತ ಜೋರಾಗಿ.

ನಾನು ಮೊದಲ ಸಲ ಅವನನ್ನು ಕಂಡದ್ದು ಸೈಬರ್ ಸೆಂಟರಿನಲ್ಲಿ, ಗಂಟೆಗೆ ಇಷ್ಟು ಅಂತ ದುಡ್ಡು ಕೊಟ್ಟು, ಹೆಡ್‌ಫೋನ್ ಹಾಕಿಕೊಂಡು. ಕುರ್ಚಿ ಹಿಂದಕ್ಕೆ ತಳ್ಳಿದ ಸದ್ದಿಗೆ ಪಕ್ಕದಲ್ಲಿ ರಿಸಲ್ಟ್ ನೋಡುತ್ತಿದ್ದವರು ತಿರುಗಿ ನೋಡಿದರು.

ಅವನನ್ನು ಹೇಗೆ ಕೊಲ್ಲೋದು ಅಂತ ಕೇಳಿದರೆ, ಮೊದಲ ಉತ್ತರ: ಈಗ ಕೊಲ್ಲಬೇಡಿ. ಮುಂದಕ್ಕೆ ಹೋಗಿ, ಒಂದೆರಡು ಲೆವೆಲ್ ಏರಿ, ಆಮೇಲೆ ಬನ್ನಿ. ಅವನೇನೂ ಕೋಣೆ ಬಿಟ್ಟು ಹೋಗಲ್ಲ. ಎರಡನೇ ಉತ್ತರ: ಬಿಲ್ಲು ಇದ್ದರೆ, ಕಂಬಿ ಇರುವ ಗೋಡೆಯ ಆಚೆ ಅವನು ಸಿಕ್ಕಿಹಾಕಿಕೊಳ್ಳೋ ಹಾಗೆ ಮಾಡಿ ಬಾಣ ಬಿಡಿ. ಬಾಣ ಕಂಬಿಯೊಳಗೆ ತೂರುತ್ತೆ, ಅವನು ತೂರಲ್ಲ. ಮೋಸ ಅಂತೀರಾ? ಅವನು ಮಾಡೋದೇನು ಮತ್ತೆ?

ನನ್ನ ಆಟದಲ್ಲಿ ಬುಚರ್ ಬರಲೇ ಇಲ್ಲ. ಏನಾದರೂ ಕೆಟ್ಟಿದೆಯಾ?

ಏನೂ ಕೆಟ್ಟಿಲ್ಲ. ಬುಚರ್‌ನನ್ನು ಕೊಲ್ಲೋ ತರದ ಕೆಲಸಗಳಿಗೆ ಕ್ವೆಸ್ಟ್ ಅಂತಾರೆ, ಎಲ್ಲ ಕ್ವೆಸ್ಟ್‌ಗಳೂ ಒಂದೇ ಆಟದಲ್ಲಿ ಬರಲ್ಲ. ಪ್ರತಿ ಹೊಸ ಆಟಕ್ಕೂ ಕೆಲವನ್ನು ಆರಿಸಿ ಕೆಲವನ್ನು ಬಿಡುತ್ತದೆ. ಅಂತಸ್ತುಗಳ ನಕ್ಷೆಯೂ ಪ್ರತಿ ಸಲ ಹೊಸದು. ಗೋಡೆ, ಬಾಗಿಲು, ಪೆಟ್ಟಿಗೆ, ರಾಕ್ಷಸರು ಎಲ್ಲ ಜಾಗ ಬದಲಾಯಿಸುತ್ತವೆ. ಮೂರನೇ ಸಲ ಆಡುವಾಗಲೂ ಮುಂದಿನ ತಿರುವಿನಲ್ಲಿ ಏನಿದೆ ಅಂತ ಗೊತ್ತಿರಲ್ಲ.

ಇದಕ್ಕೆ ಇನ್ನೊಂದು ಮುಖವೂ ಇದೆ. ಗುಹೆಯ ನಾಲ್ಕು ಅಂತಸ್ತು ಎಷ್ಟು ಸಲ ಹೊಸದಾಗಿ ಬಂದರೂ ಗುಹೆಯ ಹಾಗೇ ಇರುತ್ತೆ. ಅಲ್ಲಿ ನನಗೆ ನಿದ್ದೆ ಬರುತ್ತೆ, ಸುಳ್ಳು ಯಾಕೆ ಹೇಳಲಿ.

ಯೋಧ, ಬಿಲ್ಲುಗಾರ್ತಿ, ಮಂತ್ರವಾದಿ: ಯಾರನ್ನು ತಗೊಳ್ಳಲಿ?

ಮೊದಲ ಸಲಕ್ಕೆ ಯೋಧ. ಶುರುವಿನಲ್ಲಿ ಪೆಟ್ಟು ತಡೆಯೋನು ಅವನೊಬ್ಬನೇ. ಆದರೆ ಕೊನೆಯ ನಾಲ್ಕು ಅಂತಸ್ತಿಗೆ ಬಂದಾಗ ಅವನ ಪಾಡು ನೋಡೋಕಾಗಲ್ಲ. ಯಾಕೆ ಅಂತ ಮುಂದೆ ಹೇಳ್ತೀನಿ. ಅವನಿಗೆ ತನ್ನ ಆಯುಧ ತಾನೇ ರಿಪೇರಿ ಮಾಡಿಕೊಳ್ಳೋ ವಿದ್ಯೆ ಇದೆ. ಅದನ್ನು ಮುಟ್ಟಬೇಡಿ. ಪ್ರತಿ ಸಲ ಮಾಡಿದಾಗಲೂ ಆಯುಧದ ಒಟ್ಟು ಬಾಳಿಕೆ ಕಡಿಮೆಯಾಗುತ್ತೆ. ಕಮ್ಮಾರ ಗ್ರಿಸ್‌ವೋಲ್ಡ್‌ಗೆ ನಾಲ್ಕು ಕಾಸು ಕೊಟ್ಟು ಮಾಡಿಸಿ, ಅವನ ಕೆಲಸ ಅಚ್ಚುಕಟ್ಟು.

ಮಂತ್ರವಾದಿ ಇದಕ್ಕೆ ಉಲ್ಟಾ. ಶುರುವಿನಲ್ಲಿ ಒಂದು ಬಾವಲಿ ಕಚ್ಚಿದರೂ ಮಲಗಿಬಿಡ್ತಾನೆ. ಆದರೆ ಮಾನಾ ಶೀಲ್ಡ್ ಅನ್ನೋ ಮಂತ್ರ ಸಿಕ್ಕ ದಿನ ಆಟ ಅವನ ಮುಷ್ಟಿಯಲ್ಲಿ. ಪೆಟ್ಟೆಲ್ಲ ಜೀವದ ಬದಲು ಮಾನಾಕ್ಕೆ ಬೀಳುತ್ತೆ, ಮಾನಾ ಅವನ ಹತ್ರ ಕೊಪ್ಪರಿಗೆಗಟ್ಟಲೆ ಇರುತ್ತೆ. ಅಂಕಿಯಲ್ಲೇ ನೋಡಿ: ಮ್ಯಾಜಿಕ್ ಅನ್ನೋ ಗುಣ ಮಂತ್ರವಾದಿಗೆ 250ರವರೆಗೆ ಏರುತ್ತೆ, ಯೋಧನಿಗೆ 50ಕ್ಕೆ ನಿಲ್ಲುತ್ತೆ. ತೂಕ ಸರಿಯಿಲ್ಲ. ಬ್ಯಾಲೆನ್ಸ್ ಅನ್ನೋದು ಈ ಆಟ ಮಾಡಿದವರ ತಲೆನೋವೇ ಆಗಿರಲಿಲ್ಲ ಅನ್ಸುತ್ತೆ.

ನನ್ನ ಆಯ್ಕೆ ಬಿಲ್ಲುಗಾರ್ತಿ. ಎಲ್ಲೂ ಮೆರೆಯಲ್ಲ, ಎಲ್ಲೂ ಕೈಕೊಡಲ್ಲ.

ಚಿನ್ನಕ್ಕೂ ಜಾಗ ಬೇಕಾ? ಚೀಲ ಸದಾ ತುಂಬಿಯೇ ಇರುತ್ತಲ್ಲ!

ಬೇಕು. ಇದಕ್ಕೆ ಮಾತ್ರ ನಾನು ವಕಾಲತ್ತು ಹಾಕಲ್ಲ. ಚೀಲದಲ್ಲಿ ಇರೋದು 40 ಚೌಕ. ಒಂದು ಚೌಕಕ್ಕೆ ಹಿಡಿಸೋದು 5,000 ಚಿನ್ನ. ವರ್ಟ್ ಹತ್ರ 50,000ದ ಒಂದು ಒಳ್ಳೆ ಕತ್ತಿ ಇದೆ ಅಂದುಕೊಳ್ಳಿ. ಅದನ್ನು ಕೊಳ್ಳೋ ದುಡ್ಡು ಹೊರೋಕೇ ಹತ್ತು ಚೌಕ ಬೇಕು. ಎದೆಕವಚ ಒಂದೇ ಆರು ಚೌಕ ನುಂಗುತ್ತೆ. ಊರಿನಲ್ಲಿ ಸಾಮಾನು ಇಡೋಕೆ ಒಂದು ಪೆಟ್ಟಿಗೆಯೂ ಇಲ್ಲ.

ಹಾಗಾದರೆ ಜನ ಏನು ಮಾಡುತ್ತಿದ್ದರು? ಚಿನ್ನವನ್ನು ಊರಿನ ನೆಲದ ಮೇಲೇ ಸುರಿಯುತ್ತಿದ್ದರು. ಒಬ್ಬರೇ ಆಡುವ ಆಟದಲ್ಲಿ ಅದು ಅಲ್ಲೇ ಬಿದ್ದಿರುತ್ತೆ, ಯಾರೂ ಮುಟ್ಟಲ್ಲ. ಹೆಂಡದಂಗಡಿಯ ಮುಂದೆ ಸಾಲಾಗಿ ಚಿನ್ನದ ರಾಶಿ, ಪಕ್ಕದಲ್ಲಿ ಎರಡು ಕವಚ, ನಾಲ್ಕು ಉಂಗುರ. ಸಂತೆಯಲ್ಲಿ ಅಂಗಡಿ ಹರಡಿದ ಹಾಗೆ. ನೀವೂ ಹಾಗೇ ಮಾಡಿ, ನಾಚಿಕೆ ಬೇಡ.

ವರ್ಟ್ ವಿಷಯ ಬಂತಲ್ಲ, ಇದನ್ನೂ ಹೇಳಿಬಿಡ್ತೀನಿ. ಅವನ ಹತ್ರ ಒಂದು ಸಲಕ್ಕೆ ಒಂದೇ ಸಾಮಾನು. ಅದನ್ನು ಬರೀ ತೋರಿಸೋಕೆ 50 ಚಿನ್ನ ಕೇಳ್ತಾನೆ. ಕೊಟ್ಟ ಮೇಲೆ ನೋಡಿದರೆ ಮಂತ್ರವಾದಿಯ ಕೋಲು, ನೀವು ಯೋಧ. ವಾಪಸ್ ಕೊಡೋ ಮಾತೇ ಇಲ್ಲ.

ಊರಿನ ಜನರ ಮಾತು ಕೇಳಬೇಕಾ, ಸ್ಕಿಪ್ ಮಾಡಬಹುದಾ?

ಮಾಡಬಹುದು. ಮಾಡಿದರೆ ಆಟದ ಅರ್ಧ ಹೋಯಿತು.

ಇಲ್ಲಿ ಕ್ವೆಸ್ಟ್ ಮಾತಿಗಿಂತ ಹರಟೆ ಚೆನ್ನ. ಪ್ರತಿಯೊಬ್ಬರೂ ಮಿಕ್ಕವರ ಬಗ್ಗೆ ಏನೋ ಒಂದು ಹೇಳ್ತಾರೆ, ಎಲ್ಲವೂ ದನಿಯಲ್ಲೇ. ಫಾರ್ನ್‌ಹ್ಯಾಮ್ ಸದಾ ಕುಡಿದು ಬಿದ್ದಿರುತ್ತಾನೆ. ಸುಮ್ನೆ ಕುಡುಕ ಅಂದುಕೊಳ್ಳುತ್ತೀರಿ. ನಾಲ್ಕು ಜನರ ಮಾತು ಕೂಡಿಸಿದ ಮೇಲೆ ಗೊತ್ತಾಗೋದು, ಪಾದ್ರಿ ಲ್ಯಾಜ಼ರಸ್ ಊರವರನ್ನು ನಂಬಿಸಿ ಕೆಳಗೆ ಕರೆದುಕೊಂಡು ಹೋದಾಗ ಇವನೂ ಹೋಗಿದ್ದ, ಜೀವ ಉಳಿಸಿಕೊಂಡು ಬಂದ, ಅಲ್ಲಿ ಕಂಡದ್ದನ್ನು ಮರೆಯೋಕೆ ಕುಡೀತಾನೆ ಅಂತ. ವರ್ಟ್ ಕಾಲು ಹೋದದ್ದೂ ಹಾಗೇ. ರಾಕ್ಷಸರು ಹೊತ್ತುಕೊಂಡು ಹೋಗಿದ್ದ ಹುಡುಗನನ್ನು ಗ್ರಿಸ್‌ವೋಲ್ಡ್ ಎಳೆದು ತಂದ. ಕಾಲು ಮಾತ್ರ ಉಳಿಯಲಿಲ್ಲ. ಇದು ತಿಳಿದ ಮೇಲೂ 50 ಚಿನ್ನಕ್ಕೆ ಸಿಟ್ಟು ಬರುತ್ತೆ, ಆದರೆ ಸ್ವಲ್ಪ ಕಡಿಮೆ.

ಊರಿನಲ್ಲಿ ಕೇಳೋ ಆ ಗಿಟಾರ್ ಯಾರದು?

ಆಟಕ್ಕೆ ಸಂಗೀತ ಮಾಡಿದ ಮ್ಯಾಟ್ ಉಲ್ಮೆನ್ ಅವರದು. ಊರಿನ ಸಂಗೀತ ಹನ್ನೆರಡು ತಂತಿಯ ಗಿಟಾರಿನದು. ಮಳೆ ನಿಂತ ಮೇಲೆ ಹಂಚಿನಿಂದ ನೀರು ತೊಟ್ಟಿಕ್ಕುವ ಹಾಗೆ ಶುರುವಾಗುತ್ತೆ. ಕೆಳಗಿನಿಂದ ಪೆಟ್ಟು ತಿಂದು ಊರಿಗೆ ಬಂದಾಗ ಅದು ಕೇಳಿದರೆ ಹಾಯ್ ಅನ್ಸುತ್ತೆ, ಜೊತೆಗೇ ಊರೇನೂ ಕ್ಷೇಮವಾಗಿಲ್ಲ ಅನ್ನೋದೂ ಗೊತ್ತಾಗುತ್ತೆ. ಬೇರೆ ಏನು ಬಿಟ್ಟರೂ ಸೌಂಡ್ ಆಫ್ ಮಾಡಿ ಮಾತ್ರ ಆಡಬೇಡಿ.

ಸೇವ್ ಒಂದೇ ಅಂತೆ?

ಒಬ್ಬ ಆಳಿಗೆ ಒಂದೇ ಸೇವ್. ಹೊಸದು ಮಾಡಿದರೆ ಹಳೆಯದು ಹೋಯಿತು. ನಾನು ಒಮ್ಮೆ ಕರೆಂಟ್ ಹೋಗುತ್ತೆ ಅನ್ನೋ ಭಯಕ್ಕೆ ಅವಸರದಲ್ಲಿ ಸೇವ್ ಒತ್ತಿದೆ. ಆಗ ನನ್ನ ಸುತ್ತ ಆರು ಆಡುಮುಖದ ರಾಕ್ಷಸರು, ಜೀವದ ಗೋಳದಲ್ಲಿ ತಳದಲ್ಲೊಂದು ಕೆಂಪು ಗೆರೆ, ಬೆಲ್ಟಿನಲ್ಲಿ ಒಂದೂ ಪೋಶನ್ ಇಲ್ಲ. ಲೋಡ್ ಮಾಡಿದರೆ ಅರ್ಧ ಸೆಕೆಂಡಿನಲ್ಲಿ ಸಾವು. ಇಪ್ಪತ್ತು ಸಲ ಲೋಡ್ ಮಾಡಿದೆ, ಇಪ್ಪತ್ತು ಸಲವೂ ಸಾವು. ಕೊನೆಗೆ ಹೊಸ ಆಟ ಶುರು ಮಾಡಿದೆ. ಕರೆಂಟ್ ಮಾತ್ರ ಅವತ್ತು ಹೋಗಲೇ ಇಲ್ಲ.

ಸೇವ್ ಮಾಡೋದು ಊರಿನಲ್ಲಿ ಅಥವಾ ಮೆಟ್ಟಿಲ ಮೇಲೆ. ಬೇರೆಲ್ಲೂ ಬೇಡ. ಕೂತಲ್ಲಿಂದಲೇ ಊರಿಗೆ ದಾರಿ ತೆರೆಯೋ ಟೌನ್ ಪೋರ್ಟಲ್ ಸುರುಳಿ 200 ಚಿನ್ನ. ಒಂದು ಸದಾ ಬೆಲ್ಟಿನಲ್ಲಿರಲಿ.

ಕೊನೆಯ ನಾಲ್ಕು ಅಂತಸ್ತು ಯಾಕೆ ಇಷ್ಟು ಕಿರಿಕಿರಿ?

ಎರಡು ಕಾರಣ. ಒಂದು, ದೂರದಿಂದ ಹೊಡೆಯೋ ಸಕ್ಯುಬಸ್ ಎಂಬ ರಾಕ್ಷಸಿಯರು. ಹತ್ತಿರ ಹೋದರೆ ಹಿಂದೆ ಸರೀತಾರೆ. ನಿಮ್ಮ ಯೋಧನಿಗೆ ಓಡೋಕೆ ಬರಲ್ಲ, ನೆನಪಿದೆಯಲ್ಲ? ಒಬ್ಬಳನ್ನು ಅಟ್ಟಿಸಿಕೊಂಡು ಹೋದರೆ ಇನ್ನೂ ಮೂವರ ಮುಂದೆ ನಿಂತಿರುತ್ತೀರಿ. ಮೊದಲ ಅಂತಸ್ತಿನಲ್ಲಿ ಹೆದರಿಕೆ ಕೊಟ್ಟ ಅದೇ ನಿಧಾನ ಇಲ್ಲಿ ಬರೀ ಸಿಟ್ಟು ತರಿಸುತ್ತೆ. ಅವರನ್ನು ಅಟ್ಟಬೇಡಿ. ಗೋಡೆಯ ಮರೆಗೆ ಬನ್ನಿ, ಕಣ್ಣಿಗೆ ಬೀಳದಿದ್ದರೆ ಅವರೇ ಹುಡುಕಿಕೊಂಡು ಮೂಲೆ ತಿರುಗ್ತಾರೆ. ಆಗ ಹೊಡೆಯಿರಿ.

ಇನ್ನೊಂದು, ಪೆಟ್ಟಿನ ಸರಪಳಿ. ಜೋರಾಗಿ ಪೆಟ್ಟು ಬಿದ್ದರೆ ಆಳು ಒಂದು ಕ್ಷಣ ತತ್ತರಿಸ್ತಾನೆ, ಆಗ ಅವನಿಂದ ಏನೂ ಆಗಲ್ಲ. ನಾಲ್ಕು ಜನ ಸುತ್ತುವರಿದರೆ ತತ್ತರಿಸುತ್ತಲೇ ಸಾಯ್ತಾನೆ. ನೀವು ಕ್ಲಿಕ್ ಕ್ಲಿಕ್ ಅಂತ ಒತ್ತುತ್ತಾ ನೋಡ್ತಾ ಇರ್ತೀರಿ, ಅಷ್ಟೇ. ಇದು ಕಷ್ಟ ಅಲ್ಲ, ಅನ್ಯಾಯ.

ಸಿಕ್ಕ ಗುಡಿ, ಪುಸ್ತಕ, ಕಡಾಯಿ ಎಲ್ಲ ಮುಟ್ಟಬಹುದಾ?

ದಯವಿಟ್ಟು ಬೇಡ. ಸೇಕ್ರೆಡ್, ಆರ್ನೇಟ್, ಫ್ಯಾಸಿನೇಟಿಂಗ್ ಅನ್ನೋ ಹೆಸರಿನ ಮೂರು ಗುಡಿಗಳು ಒಂದು ಮಂತ್ರದ ಬಲ ಹೆಚ್ಚಿಸಿ, ಬದಲಿಗೆ ನಿಮ್ಮ ಮಾನಾದಲ್ಲಿ ಹತ್ತನೇ ಒಂದು ಪಾಲು ಕಾಯಂ ಕಿತ್ತುಕೊಳ್ಳುತ್ತವೆ. ಕಡಾಯಿಯಲ್ಲಿ ಯಾವ ಗುಡಿಯ ಫಲ ಇದೆ ಅಂತ ಗೊತ್ತೇ ಆಗಲ್ಲ. ಬ್ಲ್ಯಾಕ್ ಡೆತ್ ಎಂಬ ನಡೆದಾಡುವ ಹೆಣ ಇನ್ನೂ ಕೆಟ್ಟದ್ದು. ಅದರ ಒಂದೊಂದು ಪೆಟ್ಟಿಗೂ ನಿಮ್ಮ ಒಟ್ಟು ಜೀವದಲ್ಲಿ ಒಂದೊಂದು ಅಂಕ ಶಾಶ್ವತವಾಗಿ ಹೋಗುತ್ತೆ. ಅದನ್ನು ದೂರದಿಂದಲೇ ಮುಗಿಸಿ. ಇವೆಲ್ಲ ಆಟದೊಳಗೆ ಯಾರೂ ಹೇಳಲ್ಲ. ಆಗ ಗೆಳೆಯರ ಬಾಯಿಂದ ಬಾಯಿಗೆ ಬರುತ್ತಿದ್ದ ಜ್ಞಾನ ಇದು.

ನಾಲ್ಕು ಜನ ಸೇರಿ ಆಡಬಹುದಾ?

ಆಡಬಹುದು. ಇಂಟರ್ನೆಟ್ಟಿನಲ್ಲಿ ಕೂಡಿ ಆಡೋಕೆ ಬ್ಲಿಜ಼ರ್ಡ್ ಕೊಡುವ ಸೇವೆ ಬ್ಯಾಟಲ್‌ನೆಟ್ ಶುರುವಾದದ್ದೇ ಈ ಆಟದ ಜೊತೆ. ಆದರೆ ಆಗ ಆಳಿನ ಫೈಲ್ ಆಡುವವರ ಕಂಪ್ಯೂಟರಿನಲ್ಲೇ ಇರುತ್ತಿತ್ತು. ಅದನ್ನು ತಿದ್ದಿ ಮೋಸ ಮಾಡೋದು ಮಕ್ಕಳಾಟ ಆಗಿತ್ತು. ಗುಂಪಿನ ಆಟದಲ್ಲಿ ಹೆಚ್ಚಿನ ಕ್ವೆಸ್ಟ್‌ಗಳೂ ಇಲ್ಲ. ಗೆಳೆಯನ ಬಾಣ ನಿಮಗೂ ತಗಲುತ್ತೆ. ನಂಬಿಕೆಯ ಜನ ಇದ್ದರೆ ಮಾತ್ರ ಮಜಾ.

ಈಗ ಎಲ್ಲಿ ಸಿಗುತ್ತೆ? ನನ್ನ ಲ್ಯಾಪ್‌ಟಾಪಿನಲ್ಲಿ ನಡೆಯುತ್ತಾ?

2019ರಲ್ಲಿ ಜಿಒಜಿ ಎಂಬ ಆನ್‌ಲೈನ್ ಅಂಗಡಿಯಲ್ಲಿ ಮತ್ತೆ ಮಾರಾಟಕ್ಕೆ ಬಂತು. ಮೂಲ ಚಿತ್ರ ಬರೀ 640x480, 256 ಬಣ್ಣ. ಎಂಥ ಹಳೆಯ ಲ್ಯಾಪ್‌ಟಾಪೂ ಸಾಕು.

ಕೊಂಡ ಮೇಲೆ ಡೆವಿಲ್ಯೂಷನ್‌ಎಕ್ಸ್ ಹಾಕಿಕೊಳ್ಳಿ. ಅಭಿಮಾನಿಗಳು ಮಾಡಿದ ಉಚಿತ ಎಂಜಿನ್, ಅಂದರೆ ಆಟವನ್ನು ನಡೆಸೋ ಪ್ರೋಗ್ರಾಮ್ ಇದು. ಕೊಂಡ ಆಟದಿಂದ ಒಂದು ದೊಡ್ಡ ಡೇಟಾ ಫೈಲ್ ಅದಕ್ಕೆ ಕೊಟ್ಟರೆ ಆಯಿತು. ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಫೋನ್, ಎಲ್ಲದರಲ್ಲೂ ಓಡುತ್ತೆ. ಊರಿನಲ್ಲಿ ಓಡೋ ಸೌಲಭ್ಯವೂ ಇದೆ! ಇದು ಹುಟ್ಟಿದ ಕತೆ ತಮಾಷೆಯದು. ಜಪಾನಿನ ಪ್ಲೇಸ್ಟೇಷನ್ ಆವೃತ್ತಿಯ ಡಿಸ್ಕಿನಲ್ಲಿ ಪ್ರೋಗ್ರಾಮಿನ ಭಾಗಗಳ ಹೆಸರುಪಟ್ಟಿಯ ಫೈಲನ್ನು ಯಾರೋ ಮರೆತು ಬಿಟ್ಟಿದ್ದರು. ವರ್ಷಗಳ ಮೇಲೆ ಅದನ್ನು ಹಿಡಿದುಕೊಂಡು ಇಡೀ ಆಟದ ಕೋಡನ್ನು ಮತ್ತೆ ಕಟ್ಟಿದರು.

ಹೆಲ್‌ಫೈರ್?

1997ರ ವಿಸ್ತರಣೆ. ಮಾಡಿದ್ದು ಬ್ಲಿಜ಼ರ್ಡ್ ಅಲ್ಲ, ಸಿನರ್ಜಿಸ್ಟಿಕ್ ಸಾಫ್ಟ್‌ವೇರ್. ಒಬ್ಬ ಸನ್ಯಾಸಿ ಜಾಸ್ತಿ ಸಿಗ್ತಾನೆ. ಮೊದಲ ಆಟ ಮುಗಿದು ಹಸಿವು ಉಳಿದಿದ್ದರೆ ನೋಡಿ.

ಮಕ್ಕಳು ಆಡಬಹುದಾ?

ಚಿಕ್ಕವರಿಗೆ ಬೇಡ. ಅಮೆರಿಕದಲ್ಲಿ ಇದಕ್ಕೆ ದೊಡ್ಡವರ ಆಟ ಅಂತಲೇ ಗುರುತು. ಬುಚರ್ ಕೋಣೆ ಒಂದು ಸಾಕು, ರಾತ್ರಿ ಮಲಗಲ್ಲ.

ನೇರ ಡಯಾಬ್ಲೊ 2 ಆಡಿದರೆ ಆಗಲ್ವಾ?

ಆಗುತ್ತೆ. 2000ದಲ್ಲಿ ಬಂದ ಅದು ಹೆಚ್ಚು ಕಡಿಮೆ ಎಲ್ಲ ಲೆಕ್ಕದಲ್ಲೂ ಒಳ್ಳೆಯ ಆಟ. ಓಡಬಹುದು, ಸಾಮಾನಿಡೋಕೆ ಪೆಟ್ಟಿಗೆ ಇದೆ, ಚಿನ್ನಕ್ಕೆ ಜಾಗ ಬೇಡ. ಹೆದರಿಕೆ ಮಾತ್ರ ಅಷ್ಟಿಲ್ಲ.

ಆದರೂ ಮೊದಲನೆಯದನ್ನು ಒಂದು ಸಲ ಮುಗಿಸಿ ಹೋಗಿ ಅಂತೀನಿ. ಹದಿನೈದು ಗಂಟೆಯ ಕೆಲಸ. ಅಂತ್ಯ ಗೊತ್ತಾಗಬಾರದು ಅನ್ನುವವರು ಇಲ್ಲಿಗೆ ಓದೋದು ನಿಲ್ಲಿಸಿ. ಡಯಾಬ್ಲೊ ಸತ್ತ ಮೇಲೆ ನೆಲದಲ್ಲಿ ಬಿದ್ದಿರೋದು ರಾಕ್ಷಸನ ದೇಹ ಅಲ್ಲ, ಆ ನಾಡಿನ ರಾಜನ ಚಿಕ್ಕ ಮಗನದು. ನಿಮ್ಮ ಆಳು ಅವನ ಹಣೆಯಿಂದ ಕಿತ್ತ ಕಲ್ಲನ್ನು ತನ್ನ ಹಣೆಗೇ ಚುಚ್ಚಿಕೊಳ್ತಾನೆ. ಇಷ್ಟೆಲ್ಲ ಕಷ್ಟಪಟ್ಟು ಬೆಳೆಸಿದ ಆಳು!

ಎರಡನೇ ಆಟದಲ್ಲಿ ಮತ್ತೆ ಟ್ರಿಸ್ಟ್ರಮ್‌ಗೆ ಹೋಗುತ್ತೀರಿ. ಊರು ಸುಟ್ಟು ಉರಿಯುತ್ತಿರುತ್ತೆ. ಅದೇ ಹನ್ನೆರಡು ತಂತಿಯ ಗಿಟಾರ್ ಕೇಳುತ್ತೆ. ನಿಮ್ಮ ಕತ್ತಿ ರಿಪೇರಿ ಮಾಡಿಕೊಡುತ್ತಿದ್ದ ಗ್ರಿಸ್‌ವೋಲ್ಡ್ ರಾಕ್ಷಸನಾಗಿ ಮೇಲೆ ಬೀಳ್ತಾನೆ. ಒಂದು ಕಡೆ ವರ್ಟ್‌ನ ಹೆಣ ಬಿದ್ದಿರುತ್ತೆ. ಅದರ ಮೇಲೆ ಕ್ಲಿಕ್ ಮಾಡಿದರೆ ಅವನ ಮರದ ಕಾಲು ಬೀಳುತ್ತೆ, ಜೊತೆಗೆ ಚಿನ್ನ. ರಾಶಿ ರಾಶಿ ಚಿನ್ನ, ಚೆಲ್ಲುತ್ತಲೇ ಇರುತ್ತೆ. ನೇರ ಎರಡನೆಯದಕ್ಕೆ ಬಂದವರು ಅದನ್ನು ಬಾಚಿಕೊಂಡು ಮುಂದೆ ಹೋಗ್ತಾರೆ. ಐವತ್ತೈವತ್ತು ಕೊಟ್ಟವರು ಸ್ವಲ್ಪ ಹೊತ್ತು ಅಲ್ಲೇ ನಿಲ್ತಾರೆ.